ಮೂರು ಗಂಟಿನ ಪುಡಿ

ಕಾಲುವೆ ಬಂತೆಂದು ಊರೆಲ್ಲ ಕುಣಿಯಿತು. ನಮ್ಮ ಮನೆಗೆ ಬಂದದ್ದು ಮಾತ್ರ ನುಸಿ. ನಾನು ಬೆಳೆದ ಮನೆ ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅಂಗಳವಲ್ಲ, ಒಲೆಯಲ್ಲ, ದೇವರ ಜಗುಲಿಯಲ್ಲ. ಮೂಗು, ಬಾಯಿ, ಜಡೆ, ಪಾಟಿಚೀಲ ಎಲ್ಲದರೊಳಗೂ ತುಂಬಿಕೊಂಡಿರುತ್ತಿದ್ದ ಕಹಿ ಪುಡಿ. ಜೋಳಕ್ಕೆ ಹುಳ ಹತ್ತಬಾರದೆಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕುಟ್ಟಿ ಸೋಸಿ ಕಾಳಿಗೆ ಬೆರೆಸುತ್ತಿದ್ದ ಪುಡಿ ಅದು. ಹುಳಕ್ಕೆ ಅದರಿಂದ ಎಷ್ಟು ತೊಂದರೆಯಾಯಿತೋ ನಾನು ಕಾಣೆ, ನನಗಂತೂ ಸಾಕೋ ಸಾಕಾಗಿ ಹೋಯಿತು.

ದೋರನಹಳ್ಳಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಮ್ಮೂರು. ಕಾಲುವೆ ಬರುವ ಮುಂಚೆ ನಮ್ಮ ಜೋಳ ಮನೆಯೊಳಗೆ ಇರುತ್ತಿರಲಿಲ್ಲ, ನೆಲದೊಳಗೆ ಇರುತ್ತಿತ್ತು. ಮನೆಯ ಮುಂದೆ ಆಳೆತ್ತರ ತೋಡಿದ ಹಗೇವು. ಅದರ ಒಳಗೋಡೆಗೆ ಜೋಳದ ಒಣ ದಂಟಿನ ಕಣಿಕೆ ಒರಗಿಸಿ, ನಡುವೆ ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ಆಯಿತು. ಒಳಗೆ ಗಾಳಿಯಾಡದು, ಗಾಳಿಯಿಲ್ಲದೆ ನುಸಿ ಬದುಕದು. ಒಂದು ವರ್ಷ ಬಿಟ್ಟು ತೆಗೆದರೂ ಕಾಳು ಕಾಳಾಗಿಯೇ ಇರುತ್ತಿತ್ತು. ಕಾಲುವೆ ಹರಿದ ಎರಡನೆಯ ವರ್ಷಕ್ಕೆ ನೆಲವೇ ಒಳಗಿನಿಂದ ನೆನೆಯತೊಡಗಿತು. ಹಗೇವಿನ ಬಾಯಿ ತೆಗೆದಾಗ ಬಂದ ವಾಸನೆಗೆ ಎತ್ತುಗಳೂ ಮುಖ ತಿರುಗಿಸಿದವು. ಗೋಡೆಗೆ ತಾಗಿದ್ದ ಜೋಳವೆಲ್ಲ ಕಪ್ಪಗೆ ಹೆಪ್ಪುಗಟ್ಟಿತ್ತು. ನಡುವೆ ಉಳಿದ ಒಣಕಾಳನ್ನು ಬಾಚಿ ಚೀಲಕ್ಕೆ ತುಂಬಿ ಅಡುಗೆಮನೆಯ ಪಕ್ಕದ ಕೋಣೆಗೆ ಸಾಗಿಸಿದರು. ಅದು ನಾನೂ ಅವ್ವನೂ ಮಲಗುತ್ತಿದ್ದ ಕೋಣೆ. ನಮ್ಮ ಹಾಸಿಗೆ ಪಡಸಾಲೆಗೆ ಬಂತು, ಯಾರೂ ನಮ್ಮನ್ನು ಒಂದು ಮಾತೂ ಕೇಳಲಿಲ್ಲ.

ಅಪ್ಪನಿಗೆ ಮಾತ್ರ ಕಾಲುವೆಯ ಮೇಲೆ ಎಳ್ಳಷ್ಟೂ ಬೇಸರವಿಲ್ಲ. ದಿನಾ ಬೆಳಗ್ಗೆ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಹೋಗಿ ನೀರು ನೋಡಿ ಬರುತ್ತಿದ್ದ. ನೀರು ನಿನ್ನೆಗಿಂತ ನಾಲ್ಕು ಬೆರಳು ಹೆಚ್ಚಿದೆಯೆಂದು ತಾನೇ ತೋಡಿದವನಂತೆ ಬಂದು ಹೇಳುತ್ತಿದ್ದ. ಹಗೇವು ಹಾಳಾದದ್ದಕ್ಕೆ ಅವನ ಬಳಿ ಒಂದೇ ಉತ್ತರ, ಇನ್ನು ಜೋಳ ಯಾಕೆ, ನೆಲ್ಲು ಹಾಕೋಣ. ಆಯಿಗೆ ಅಕ್ಕಿಯೆಂದರೆ ಜ್ವರ ಬಂದವರ ಊಟ. ಈ ಜಗಳ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿನಷ್ಟೇ ನಿತ್ಯದ್ದಾಗಿತ್ತು.

ಜೋಳ ಒಳಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, ನುಸಿ ಶುರುವಾಯಿತು. ಚೀಲದೊಳಗೆ ಕೈ ಹಾಕಿದರೆ ಬೆಚ್ಚಗೆ ಹತ್ತುತ್ತಿತ್ತು. ಗೋಡೆಯ ಮೇಲೆ ಹುಳ, ನೀರಿನ ಕೊಡದ ಮೇಲೆ ಹುಳ, ಹಿಟ್ಟು ಸಾಣಿಸಿದರೆ ಜರಡಿಯಲ್ಲಿ ಹುಳ. ನನ್ನ ಜಡೆಯಿಂದ ಒಂದು ನುಸಿ ಇಳಿದು ಬಂದು ಪಾಟಿಯ ಮೇಲೆ ಬರೆದ ಲೆಕ್ಕದ ಮೇಲೆ ನಡೆದಾಡಿದ್ದೂ ಉಂಟು. ಅಪ್ಪ ಶಹಾಪುರದ ಅಂಗಡಿಯೊಂದರಲ್ಲಿ ಕೇಳಿಕೊಂಡು ಬಂದ.

"ಗುಳಿಗಿ ಬಂದಾವ. ಚೀಲದ ನಡಕ ಇಟ್ಟು ಬಾಗಲಾ ಮುಚ್ಚಿದರ ಮುಗೀತು. ಒಂದು ಹುಳಾ ಉಳಿಯಂಗಿಲ್ಲ."

"ಹುಳಾ ಉಳಿಯಂಗಿಲ್ಲ ಖರೆ, ಮಗ್ಗಲದಾಗ ಮಲಗಿದವ್ರು ಉಳೀತಾರೇನು?" ಎಂದಳು ಆಯಿ. "ಉಣ್ಣೋ ಮನ್ಯಾಗ ವಿಷ ತಂದಿಡ್ತೀಯಾ? ನಾ ಇರೋತನಕ ಆಗಂಗಿಲ್ಲ."

ಆ ಮಾತಿನಲ್ಲಿ ಆಯಿ ಸರಿಯಿದ್ದಳು, ಅದನ್ನು ನಾನು ಈಗ ಒಪ್ಪುತ್ತೇನೆ. ಆದರೆ ಸರಿಯಿದ್ದವರ ಜೊತೆ ಬದುಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅಂದಿನಿಂದ ನಮ್ಮ ಮನೆ ಪುಡಿ ಮಾಡುವ ಕಾರ್ಖಾನೆಯಾಯಿತು. ಬೇವಿನ ಹಣ್ಣು ಉದುರುವ ಕಾಲಕ್ಕೆ ಅವನ್ನು ಆರಿಸಿ ತರಬೇಕು, ತೊಗಲು ತಿಕ್ಕಿ ತೊಳೆಯಬೇಕು, ಬೀಜವನ್ನು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಗುಣ ಹೋಗುತ್ತದೆನ್ನುತ್ತಿದ್ದ ಆಯಿ ನೆರಳಿನಲ್ಲಿ ಅದು ಒಣಗುವುದಕ್ಕೆ ಎಷ್ಟು ದಿನವಾದರೂ ಕಾಯಲು ತಯಾರು. ಆಮೇಲೆ ಒರಳಿನಲ್ಲಿ ಕುಟ್ಟಿ, ಅಪ್ಪನ ಹಳೇ ಧೋತರದಲ್ಲಿ ಸೋಸಬೇಕು. ಕುಟ್ಟುವಾಗ ಏಳುವ ದೂಳಿಗೆ ಕುಳಿತಲ್ಲೇ ಬಾಯಿ ಕಹಿಯಾಗುತ್ತಿತ್ತು. ಇಷ್ಟು ಸಾಲದೆಂದು ಸೀತಾಫಲ. ಗುಡ್ಡದಿಂದ ಹಣ್ಣು ಬಂದ ದಿನ ನಾವು ತಿನ್ನುತ್ತ ಕುಳಿತರೆ ಆಯಿ ಎದುರಿಗೆ ಸೆರಗು ಹಾಸಿ ಕೂರುತ್ತಿದ್ದಳು, ಬೀಜವೆಲ್ಲ ಅದರೊಳಗೇ ಉಗುಳಬೇಕು. ಒಂದು ಬೀಜ ಅಂಗಳದಲ್ಲಿ ಬಿದ್ದರೂ ಎದ್ದು ಹೋಗಿ ಆರಿಸಿ ತರಬೇಕು. ಹಣ್ಣು ತಿಂದ ಸುಖವೂ ಪುಡಿಯ ಪಾಲಾಗುತ್ತಿತ್ತು.

ಮೂರನೆಯದು ಬಜೆ. ಅದು ಶಹಾಪುರದ ಕಿರಾಣಿ ಅಂಗಡಿಯಿಂದ ಬೇರಿನ ತುಂಡಾಗಿ ಬರುತ್ತಿತ್ತು. ಹಸುಗೂಸಿಗೆ ತೇಯ್ದು ನೆಕ್ಕಿಸುವ ಅದೇ ಬೇರು, ನಮ್ಮಲ್ಲಿ ಅದನ್ನು ಕುಟ್ಟಿ ತೊಗರಿಗೂ ಹೆಸರಿಗೂ ಹಾಕುತ್ತಿದ್ದರು. ನಮ್ಮ ಕಡೆ ಬಜೆಗೆ ಬಜಿ ಅನ್ನುತ್ತೇವೆ. ಮೆಣಸಿನಕಾಯಿ ಕರಿದರೂ ಭಜಿಯೇ. ಬಾಯಲ್ಲಿ ಎರಡೂ ಒಂದೇ. ನನ್ನ ಮೈಯಿಂದ ಬರುವ ವಾಸನೆಗೆ ಶಾಲೆಯ ಹುಡುಗಿಯರು ನನ್ನ ಹೆಸರನ್ನೇ ಬದಲಿಸಿದರು, ನಿಂಗಿ ಹೋಗಿ ಬಜಿನಿಂಗಿಯಾದೆ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಮಾಸ್ತರರ ಮುಂದೆ ಒಬ್ಬಳು ಎದ್ದು ನಿಂತಳು.

"ಸರ್, ನಿಂಗಿ ಬಜಿ ವಾಸನಿ ಬರಾಕತ್ತಾಳ್ರಿ!"

"ಬಜ್ಜೀನಾ? ಕ್ಲಾಸಿಗೆ ಯಾಕಮ್ಮ ಬಜ್ಜಿ ತರ್ತೀಯ? ಚೀಲ ತೆಗಿ, ನೋಡೋಣ."

ಎಲ್ಲರ ಮುಂದೆ ನನ್ನ ಪಾಟಿಚೀಲ ತೆಗೆಸಿದರು. ಒಳಗಿದ್ದದ್ದು ಕೆಮ್ಮಿಗೆಂದು ಆಯಿ ಹಾಕಿಟ್ಟಿದ್ದ ಬಜೆಯ ತುಂಡು ಒಂದೇ. ಮಾಸ್ತರರು ಅದನ್ನು ಮೂಸಿ ನೋಡಿ ಏನೂ ತಿಳಿಯದೆ ತಿರುಗಿ ಕೊಟ್ಟರು. ಅವತ್ತು ಮನೆಗೆ ಬಂದು ಆಯಿಯ ಮೇಲೆ ಕೂಗಾಡಿದೆ. ಆಯಿ ನಕ್ಕು, "ಕೆಮ್ಮ ಹೋತಿಲ್ಲೋ?" ಎಂದಳು. ಕೆಮ್ಮು ಹೋಗಿತ್ತು, ಅದಕ್ಕೂ ನನಗೆ ಸಿಟ್ಟು ಬಂತು.

ಈ ಮೂರೂ ಪುಡಿಗಳನ್ನು ಆಯಿ ಮೂರು ಹಳೇ ಬಟ್ಟೆಯ ಚೀಲಗಳಲ್ಲಿ ಇಡುತ್ತಿದ್ದಳು. ಓದು ಬರದ ಆಕೆಯ ಗುರುತು ಬಾಯಿಗೆ ಕಟ್ಟಿದ ದಾರದಲ್ಲಿರುತ್ತಿತ್ತು. ಒಂದು ಗಂಟು ಇದ್ದರೆ ಬೇವು, ಅದು ಉಣ್ಣುವ ಜೋಳಕ್ಕೆ. ಎರಡು ಗಂಟು ಬಜೆ. ಮೂರು ಗಂಟು ಸೀತಾಫಲ, ಅದು ಬಿತ್ತುವ ಬೀಜಕ್ಕೆ ಮಾತ್ರ. ಉಣ್ಣುವ ಕಾಳಿಗೆ ಅದನ್ನು ತೋರಿಸಲೂ ಕೂಡದು, ಕಣ್ಣಿಗೆ ಹೋದರೆ ಕಣ್ಣೇ ಹೋದೀತು. ಬೇರೆಯವರಿಗೆ ಮೂರು ಗಂಟು ಎಂದರೆ ತಾಳಿ ಕಟ್ಟುವುದು. ನಮ್ಮ ಮನೆಯಲ್ಲಿ ಹಾಗೆಂದರೆ ಕೈ ಹಚ್ಚಬೇಡ ಎಂದರ್ಥ. ದಾರವನ್ನು ಬೆರಳಿನಿಂದ ಸವರಿದರೆ ಸಾಕು, ಕತ್ತಲೆಯ ಆ ಕೋಣೆಯಲ್ಲೂ ಆಯಿಗೆ ಯಾವುದು ಯಾವುದೆಂದು ತಿಳಿಯುತ್ತಿತ್ತು. ಕೋಣೆಯ ಕೀಲಿಕೈ ಆಕೆಯ ಸೊಂಟದಲ್ಲಿ. ನನ್ನ ಅವ್ವ ಶಾಂತವ್ವ ಆ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು. ರೊಟ್ಟಿಗೆ ಜೋಳ ಬೇಕಾದರೆ ಇನ್ನೂ ಅತ್ತೆಯ ಮುಂದೆ ಮೊರ ಹಿಡಿದು ನಿಲ್ಲಬೇಕಿತ್ತು. ಅವ್ವ ಯಾವತ್ತೂ ಅದರ ಬಗ್ಗೆ ದೂರಿದವಳಲ್ಲ, ಆದರೆ ಮೊರ ಹಿಡಿದು ನಿಂತಾಗ ಆಕೆ ನೆಲ ನೋಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ರಂಗಂಪೇಟೆಯ ನಮ್ಮ ಸೋದರತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮಗಳನ್ನು ನೋಡಿಕೊಳ್ಳಲು ಆಯಿ ಹೊರಡಬೇಕಾಯಿತು. ಹೊರಡುವ ಮುಂಜಾನೆ ಸೊಂಟದಿಂದ ಕೀಲಿಕೈ ಬಿಚ್ಚಿ ಅವ್ವನ ಕೈಯಲ್ಲಿಟ್ಟಳು.

"ಶಾಂತವ್ವ, ನಾ ಬರೋತನಕ ಖೋಲಿ ನಿಂದು. ಅಮಾಸಿ ಮುಗಿದ ಮ್ಯಾಲ ಒಮ್ಮಿ ಪುಡಿ ಕಲಸು. ಕಾಳ ನೆಟ್ಟಗ ಉಳಿದ್ರ ಚಾವಿ ನಿನ್ನ ಕಡೇನೇ ಇರ್ಲಿ. ನನಗೂ ವಯಸ್ಸಾತು."

"ಹೂಂರಿ ಅತ್ತಿ," ಎಂದಳು ಅವ್ವ. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ದಿನವೆಲ್ಲ ಸುಮ್ಮಸುಮ್ಮನೆ ಒಳಗೂ ಹೊರಗೂ ಓಡಾಡಿದಳು. ಅದು ಸೊಂಟದಲ್ಲಿ ಸದ್ದು ಮಾಡುತ್ತಿತ್ತು. ಅವ್ವ ಹಾಡು ಗುನುಗಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಈಗ ನನ್ನ ಘನಕಾರ್ಯ. ನಾನಾಗ ಐದನೆಯ ಇಯತ್ತೆ. ಮುಂದಿನ ವರ್ಷ ಶಹಾಪುರದ ಶಾಲೆಗೆ ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಮಾತು ನಡೆದಿತ್ತು. ಅಪ್ಪನಿಗೆ ಮನಸ್ಸಿರಲಿಲ್ಲ, ಅವ್ವ ಹೇಗೋ ಒಪ್ಪಿಸುತ್ತ ಬಂದಿದ್ದಳು. ಅಕ್ಷರ ಬಂದ ಅಹಂಕಾರ ನನಗೆ ಮೂಗಿನ ತುದಿಗೇ ಇತ್ತು. ಆಯಿಯ ಗಂಟುಗಳನ್ನು ಕಂಡರೆ ನಾಚಿಕೆಯಾಗುತ್ತಿತ್ತು, ಇದೆಂಥ ಕಾಡು ಪದ್ಧತಿ ಎಂದು. ಆಯಿ ಹೋದ ಮೂರನೆಯ ದಿನ ನಾನೇ ಕೋಣೆಗೆ ಹೋಗಿ ಮೂರೂ ಚೀಲ ಬಿಚ್ಚಿ ಪುಡಿಯನ್ನು ಒಂದೇ ಅಳತೆಯ ಮೂರು ತಗಡಿನ ಡಬ್ಬಿಗಳಿಗೆ ಸುರಿದೆ. ನೋಟುಬುಕ್ಕಿನ ಹಾಳೆ ಹರಿದು ಬೇವು, ಬಜೆ, ಸೀತಾಫಲ ಎಂದು ದುಂಡಗೆ ಬರೆದು ಗಂಜಿಯಿಂದ ಅಂಟಿಸಿದೆ. ಚೀಲಗಳನ್ನು ಒಲೆಯ ಮುಂದೆ ಮಸಿಬಟ್ಟೆಗೆ ಹಾಕಿದೆ.

"ಏನ ಮಾಡೀದಿಬೇ ಇದು? ನನಗ ಓದಾಕ ಬರ್ತದೇನು?" ಎಂದಳು ಅವ್ವ.

"ನಾ ಇದೀನಲ್ಲ. ನನ್ನ ಕೇಳು, ಓದಿ ಹೇಳ್ತೀನಿ. ಊರಾಗ ಯಾರ ಮನ್ಯಾಗ ಅದ ಹಿಂಗ?"

ಅವ್ವ ಡಬ್ಬಿಗಳ ಮೇಲೆ ಕೈಯಾಡಿಸಿ ನಕ್ಕಳು. ಆಕೆಗೆ ನನ್ನ ಅಕ್ಷರದ ಮೇಲೆ ನನಗಿಂತ ಹೆಚ್ಚು ಹೆಮ್ಮೆ. ಎಡಗಡೆಯದು ಬೇವು, ನಡುವಿನದು ಬಜೆ, ಬಲಗಡೆಯದು ಸೀತಾಫಲ ಎಂದು ಬಾಯಿಪಾಠ ಮಾಡಿಕೊಂಡಳು. ಗಂಜಿಯೆಂದರೆ ಅನ್ನವೆಂಬುದು ನನಗೆ ಹೊಳೆಯಲಿಲ್ಲ. ಹುಳದ ಮನೆಯಲ್ಲಿ ಹುಳಕ್ಕೆ ನಾನೇ ಎಡೆ ಇಟ್ಟಿದ್ದೆ. ಅಮಾವಾಸ್ಯೆಯ ಹೊತ್ತಿಗೆ ಜಿರಳೆಗಳು ಗಂಜಿಯ ಜೊತೆ ಕಾಗದವನ್ನೂ ತಿಂದು ಮುಗಿಸಿದ್ದವು. ಅಷ್ಟರೊಳಗೆ ಅವ್ವ ಕೋಣೆ ಸಾರಿಸಲೆಂದು ಡಬ್ಬಿಗಳನ್ನು ಒಮ್ಮೆ ಹೊರಗಿಟ್ಟು ಒಳಗಿಟ್ಟಿದ್ದಳು.

ಪುಡಿ ಕಲಸುವ ದಿನ ನಾನು ಶಾಲೆಯಲ್ಲಿದ್ದೆ. ಓದಿ ಹೇಳುತ್ತೇನೆಂದಿದ್ದವಳು ಶಾಲೆಯಲ್ಲಿದ್ದೆ. ಬೇವಿನ ಬೀಜದ ಪುಡಿ, ಸೀತಾಫಲದ ಬೀಜದ ಪುಡಿ ಎರಡೂ ಹಳತಾದರೆ ಒಂದೇ ಮಣ್ಣಿನ ಬಣ್ಣ. ಇನ್ನು ವಾಸನೆಯೆಂದರೆ, ಬಜೆಯ ಘಾಟು ತುಂಬಿದ್ದ ಆ ಕೋಣೆಯಲ್ಲಿ ಮೂಗು ಯಾವತ್ತೋ ಸತ್ತಿತ್ತು. ಸಂಜೆ ಮನೆಗೆ ಬಂದರೆ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕಣ್ಣಿಗೆ ಒದ್ದೆ ಸೆರಗು ಒತ್ತಿಕೊಂಡು ಕುಳಿತಿದ್ದಳು. ಬೆವರು ಒರೆಸಲು ಹೋಗಿ ಕೈ ಕಣ್ಣಿಗೆ ತಾಗಿತ್ತಂತೆ. ಸೆರಗು ತೆಗೆದರೆ ಕಣ್ಣು ಬಾತು ಕೆಂಡವಾಗಿತ್ತು. ನಾನು ಕೋಣೆಗೆ ಓಡಿದೆ. ಆರು ಚೀಲ ಉಣ್ಣುವ ಜೋಳಕ್ಕೂ ಪುಡಿ ಬೆರೆತಿತ್ತು. ಖಾಲಿಯಾದ ಡಬ್ಬಿಯ ಮೇಲೆ ನನ್ನ ಕಾಗದದ ಒಂದು ಚೂರು ಉಳಿದಿತ್ತು, ಅದರ ಮೇಲೆ 'ಸೀ' ಅನ್ನುವ ಒಂದೇ ಅಕ್ಷರ.

ಅಪ್ಪ ಅವ್ವನನ್ನು ಶಹಾಪುರದ ದವಾಖಾನೆಗೆ ಕರೆದೊಯ್ದು ಬಂದ. ಕಣ್ಣು ಉಳಿಯಿತು, ವಾರವೆರಡು ವಾರ ಪಟ್ಟಿ ಕಟ್ಟಿಕೊಳ್ಳಬೇಕಾಯಿತು. ಕಣ್ಣು ಉಳಿಯುವುದು ಗ್ಯಾರಂಟಿಯಾದ ಮೇಲೆ ಬೈಗಳು ಶುರುವಾದವು. ವರ್ಷದ ಕಾಳು ಹಾಳಾಗಿತ್ತಲ್ಲ. ತಲೆಯಿಲ್ಲದವಳು, ಒಂದು ಪುಡಿಯ ಗುರುತು ಹಿಡಿಯಲಾರದವಳು ಎಂದು ಅಪ್ಪ ಮೂರು ದಿನ ಅವ್ವನನ್ನು ಹುರಿದು ತಿಂದ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಸುದ್ದಿ ಮುಟ್ಟಿ ಆಯಿ ರಂಗಂಪೇಟೆಯಿಂದ ಬಂದಿಳಿದಳು. ಕಾಲು ತೊಳೆಯದೆ ನೇರ ಕೋಣೆಗೆ ಹೋದಳು. ಅಪ್ಪ ಹಿಂದೆ, ಅವ್ವ ಅವನ ಹಿಂದೆ, ಎಲ್ಲರ ಹಿಂದೆ ನಾನು.

"ನನ್ನ ಗಂಟ ಎಲ್ಲಿ?"

"ಚೀಲ ಹರಿದಿದ್ವುರಿ ಅತ್ತಿ. ನಾನೇ ಬಿಚ್ಚಿ ಡಬ್ಯಾಗ ಹಾಕಿದ್ನಿ," ಎಂದಳು ಅವ್ವ.

ಆಯಿ ಡಬ್ಬಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ಆ ಚೂರನ್ನು ಉಗುರಿನಿಂದ ಕೆರೆದಳು. "ಇದು ಅಕ್ಷರ ಅಲ್ಲೇನು? ನೀ ಯಾವಾಗ ಕಲ್ತಿ?"

ಅವ್ವ ಪಟ್ಟಿ ಕಟ್ಟದ ಒಂದು ಕಣ್ಣಿನಿಂದ ನನ್ನ ಕಡೆ ನೋಡಿದಳು. ಸುಮ್ಮನಿರು ಎಂದು ಆ ಕಣ್ಣು ಹೇಳಿತು. ನನಗೆ ಅರ್ಥವಾಯಿತು. ನಾನೆಂದು ಗೊತ್ತಾದರೆ ಅಪ್ಪ ಅವತ್ತೇ ಶಾಲೆ ಬಿಡಿಸುತ್ತಿದ್ದ, ಅಕ್ಷರ ಕಲಿತು ಮನೆ ಹಾಳು ಮಾಡಿದಳೆಂದು. ನಾನು ಸುಮ್ಮನಿದ್ದೆ. ಆಯಿ ಕೈ ಚಾಚಿದಳು. ಅವ್ವ ಸೊಂಟದಿಂದ ಕೀಲಿಕೈ ತೆಗೆದು ಅದರಲ್ಲಿಟ್ಟಳು. ಅಪ್ಪನಿಗೆ ಇದ್ಯಾವುದೂ ತಿಳಿಯಲಿಲ್ಲ, ಅವನು ಆಗಲೇ ನೆಲ್ಲಿನ ಮಾತು ತೆಗೆದಿದ್ದ.

ನಾಲ್ಕು ದಿನ ನನಗೆ ಅನ್ನ ರುಚಿಸಲಿಲ್ಲ. ಐದನೆಯ ದಿನ ಆಯಿಯ ಜೊತೆ ಬೇವು ಕುಟ್ಟುವಾಗ ಬಾಯಿ ಬಿಟ್ಟೆ.

"ಆಯಿ, ಗಂಟ ಬಿಚ್ಚಿದಾಕಿ ನಾನು."

"ಗೊತ್ತದ. ಹನ್ನೆರಡು ವರ್ಷ ನನ್ನ ಗಂಟಿಗಿ ಕೈ ಹಚ್ಚದಾಕಿ ಈಗ ಹಚ್ತಾಳೇನು?"

"ಮತ್ತ ಅವ್ವನ ಚಾವಿ ಯಾಕ ಇಸಗೊಂಡಿ?"

"ತಪ್ಪ ಮಾಡ್ಯಾಳಂತ ಇಸಗೊಂಡಿಲ್ಲ, ಸುಳ್ಳ ಹೇಳ್ಯಾಳಂತ ಇಸಗೊಂಡೀನಿ. ಇವತ್ತ ಪುಡೀದು ಮುಚ್ಚಿಟ್ಟಾಕಿ ನಾಳಿ ನುಸಿ ಹತ್ತಿದ್ದೂ ಮುಚ್ಚಿಡ್ತಾಳ. ಕಾಳಿನ ಖೋಲ್ಯಾಗ ಅದು ನಡಿಯಂಗಿಲ್ಲ."

"ನಾ ಈಗ ಖರೇ ಹೇಳೀನಲ್ಲ. ತಿರುಗಿ ಕೊಡು."

ಆಯಿ ಒನಕೆ ನಿಲ್ಲಿಸಿದಳು. "ನನ್ನ ಮುಂದ ಹೇಳೀದಿ. ಆಕಿ ಯಾರ ಕಡಿಂದ ಬೈಸಿಕೊಂಡಾಳ, ಅವನ ಮುಂದ ಹೋಗಿ ಹೇಳು. ಆಮ್ಯಾಲ ಚಾವಿ ಕೊಡ್ತೀನಿ."

ನಾನು ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ರೇಗುತ್ತದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಪರೀಕ್ಷೆ ಬಂತು. ಪರೀಕ್ಷೆ ಮುಗಿದ ಮೇಲೆ ಹೇಳೋಣ ಎಂದರೆ ಶಹಾಪುರದ ಶಾಲೆಯಲ್ಲಿ ಹೆಸರು ಹಚ್ಚುವ ದಿನ ಬಂತು. ಹೆಸರು ಹಚ್ಚಿದ ಮೇಲೆ ಹೇಳಿದರೆ ಎಲ್ಲಿ ತೆಗೆಸುತ್ತಾನೋ ಎಂಬ ಭಯ. ಆಯಿ ಮತ್ತೆ ಕೇಳಲಿಲ್ಲ, ಅವ್ವನಂತೂ ಕೇಳುವವಳೇ ಅಲ್ಲ. ಮೊರ ಹಿಡಿದು ಅತ್ತೆಯ ಮುಂದೆ ನಿಲ್ಲುವುದು ಮತ್ತೆ ಶುರುವಾಯಿತು. ನಾನು ಆ ಹೊತ್ತಿಗೆ ಏನಾದರೂ ನೆವ ತೆಗೆದು ಹೊರಗೆ ಹೋಗುತ್ತಿದ್ದೆ.

ಆ ಆರು ಚೀಲ ಜೋಳವನ್ನು ಉಣ್ಣಕೂಡದೆಂದು ಆಯಿ ಹಠ ಹಿಡಿದಳು, ಎಷ್ಟು ತೊಳೆದರೂ ನಂಬಿಕೆಯಿಲ್ಲ ಎಂದಳು. ಬಿತ್ತನೆಯ ಕಾಲಕ್ಕೆ ಓಣಿಯವರಿಗೆಲ್ಲ ಬೀಜವೆಂದು ಹಂಚಿದಳು. ಅದರಲ್ಲಿ ಒಂದು ನುಸಿಯೂ ಇರಲಿಲ್ಲವೆಂದು ಅವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಷ್ಟು ಚಂದದ ಪುಡಿ ಅದು. ನಾವು ಮಾತ್ರ ಆ ವರ್ಷ ಅಕ್ಕಿ ಉಂಡೆವು. ಆಯಿ ಮೂರು ಹೊತ್ತೂ ಅನ್ನದ ತಾಟಿನ ಮುಂದೆ ಕುಳಿತು, ತನಗೇನು ಜ್ವರ ಬಂದಿದೆಯೇ ಎಂದು ಗೊಣಗಿಕೊಂಡೇ ಉಣ್ಣುತ್ತಿದ್ದಳು. ಅಪ್ಪನಿಗೆ ಬೇಕಾದದ್ದೇ ಆಯಿತು. ಹೇಗೂ ಅನ್ನ ರೂಢಿಯಾಗಿದೆಯೆಂದು ಮರುವರ್ಷ ಕೆಳಗಿನ ಹೊಲಕ್ಕೆ ನೆಲ್ಲು ಹಚ್ಚಿದ, ಅದರ ಮರುವರ್ಷ ಮೇಲಿನದಕ್ಕೂ. ನೆಲ್ಲು ಮನೆಗೆ ಬರುವ ಪೈಕಿಯಲ್ಲ, ಕಣದಿಂದಲೇ ಮಿಲ್ಲಿಗೆ ಹೋಗುತ್ತಿತ್ತು. ಕೋಣೆಯ ಜೋಳ ಆರು ಚೀಲ ಇದ್ದದ್ದು ನಾಲ್ಕಾಯಿತು, ನಾಲ್ಕು ಒಂದಾಯಿತು. ಆದರೂ ಆಯಿ ಆ ಒಂದು ಚೀಲಕ್ಕೆ ಅದೇ ಶಿಸ್ತಿನಿಂದ ಪುಡಿ ಬೆರೆಸಿ, ಅದೇ ಕೀಲಿ ಹಾಕಿ, ಅದೇ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

ನಾನು ಶಿಕ್ಷಕಿಯಾಗುವ ತರಬೇತಿಗೆ ಸೇರಿದ ವರ್ಷ ರಜೆಗೆ ಊರಿಗೆ ಹೋಗಿದ್ದೆ. ಆಯಿಗೆ ಕಣ್ಣು ಪೂರಾ ಮಂಜಾಗಿತ್ತು, ನಡೆಯಲು ಗೋಡೆ ಹಿಡಿಯಬೇಕಿತ್ತು. ಆ ಮಧ್ಯಾಹ್ನ ಊಟವಾದ ಮೇಲೆ ಕೀಲಿಕೈ ಬಿಚ್ಚಿ ಅವ್ವನ ಕಡೆ ಚಾಚಿದಳು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ನನ್ನನ್ನು ಕರೆದಳು. ಇಬ್ಬರೂ ಹೋಗಿ ಬಾಗಿಲು ತೆಗೆದೆವು. ಆ ವರ್ಷ ಜೋಳವೇ ಹಾಕಿರಲಿಲ್ಲ. ಒಳಗೆ ಅಪ್ಪನ ಎರಡು ಯೂರಿಯಾ ಚೀಲ, ಗೋಡೆಯ ಮೊಳೆಗೆ ಮೂರು ಪುಡಿಚೀಲ, ಅವುಗಳ ದಾರಕ್ಕೆ ಒಂದು, ಎರಡು, ಮೂರು ಗಂಟು. ಒಂದು ಕಾಳೂ ಇರಲಿಲ್ಲ. ನುಸಿಯೂ ಇರಲಿಲ್ಲ.

ಅವ್ವ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ, ಮೂರು ಗಂಟಿನ ಚೀಲದ ಪಕ್ಕದ ಮೊಳೆಗೆ ತೂಗುಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಆ ವಿಷಯವಾಗಿ ಅವ್ವ ನನಗೆ ಅಂದದ್ದು ಇದೊಂದೇ ಮಾತು:

"ಈಗರೆ ಬರೀಬೇ ನಿಂಗಿ. ಈ ಖೋಲಿಗಿ ಏನಂತ ಬರೀತಿ?"